ಮಾಣಿಕ್ಯವೇಲು ಮ್ಯಾನ್ಷನ್: ಮನೆಯಿಂದ ಕಲಾಮಂದಿರಕ್ಕೆ

ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯು 1954ರಲ್ಲಿ ದೆಹಲಿಯ ಜೈಪುರ ಹೌಸ್‌ನಲ್ಲಿ, 1996ರಲ್ಲಿ ಮುಂಬಯಿಯ ಕಾವಸ್‌ಜಿ ಜಹಾಂಗೀರ್ ಸಭಾಭವನದಲ್ಲಿ ನೆಲೆಗೊಂಡಿತು. ಮೂರನೆಯ ಕೇಂದ್ರವು 2009ರಲ್ಲಿ ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ಆರಂಭವಾಯಿತು. ಮೂರೂ ಹಳೆಯ ಕಟ್ಟಡಗಳೆಂಬುದು ಗಮನಿಸತಕ್ಕ ಅಂಶ. ಮೊದಲನೆಯದು ಅರಸು ಮನೆತನದ ನಿವಾಸ, ಎರಡನೆಯದು ಸಾರ್ವಜನಿಕ ಸಭಾಂಗಣ, ಮೂರನೆಯದು ಗಣಿ ಉದ್ಯಮಿಯೊಬ್ಬರ ಮನೆ.

ವಾಸದ ಕೋಣೆಗಳನ್ನು ಪ್ರದರ್ಶನಕ್ಕೆ ಒಗ್ಗಿಸುವುದು ಸುಲಭವಲ್ಲ. ಕಿಟಕಿಯ ಬಿಸಿಲಿಗೆ ಚಿತ್ರದ ಬಣ್ಣ ಮಾಸುತ್ತದೆ. ಕಿಟಕಿಯನ್ನು ಮುಚ್ಚಿದರೆ ಮನೆಯ ಲಕ್ಷಣವೇ ಅಳಿಯುತ್ತದೆ. ಬೆಂಗಳೂರಿನಲ್ಲಿ ಹಳೆಯ ಮನೆಯನ್ನು ಉಳಿಸಿಕೊಂಡು ಹೊಸ ವಿಭಾಗವೊಂದನ್ನು ಕಟ್ಟಲಾಯಿತು.

ಕಟ್ಟಡದ ಚರಿತ್ರೆಯಲ್ಲಿ ಅಲ್ಲಿ ಬಾಳಿದವರ, ದುಡಿದವರ ನೆನಪುಗಳೂ ಸೇರಿರುತ್ತವೆ. ಉದುರಿದ ಗಾರೆಯನ್ನು ಮತ್ತೆ ಮೆತ್ತಬಹುದು; ಹೇಳುವವರು ಇಲ್ಲವಾದ ಮೇಲೆ ಆ ನೆನಪುಗಳನ್ನು ಮರಳಿ ಪಡೆಯಲಾಗದು. ಆದ್ದರಿಂದ ಇಂತಹ ಕಟ್ಟಡಗಳ ಸಂರಕ್ಷಣೆಯು ಮೌಖಿಕ ಚರಿತ್ರೆಯ ಸಂಗ್ರಹದಿಂದಲೇ ಆರಂಭವಾಗಬೇಕು.