ಗುಜರಿಯಿಂದ ಗುಡ್ಡಕ್ಕೆ

ಸೋಗಾನೆಯ ಪರಿಚಿತರೊಬ್ಬರ ಹಿತ್ತಲಲ್ಲಿ ಮೂರು ಮಳೆಗಾಲ ನೆನೆದು ನಿಂತಿದ್ದ ಗೇರ್ ಸೈಕಲ್ಲೊಂದನ್ನು ನಾನು ಕೊಂಡು ತಂದಾಗ ಮನೆಯವರು ನಕ್ಕರು. ಚೈನು ತುಕ್ಕು ಹಿಡಿದು ಕೋಲಿನಂತೆ ಸೆಟೆದಿತ್ತು. ಬ್ರೇಕಿನ ತಂತಿ ಹರಿದಿತ್ತು. ಸೀಟಿನೊಳಗೆ ಇರುವೆಗಳು ಸಂಸಾರ ಹೂಡಿದ್ದವು. ಶಿವಮೊಗ್ಗದ ರಿಪೇರಿ ಅಂಗಡಿಯಾತ ಚಕ್ರವನ್ನೊಮ್ಮೆ ತಿರುಗಿಸಿ ನೋಡಿ, “ಗುಜರಿಗೆ ಹಾಕಿ ಸಾರ್, ತೂಕದ ದುಡ್ಡಾದರೂ ಬರುತ್ತೆ” ಎಂದ. ಅವನ ಮಾತು ಲೆಕ್ಕಕ್ಕೆ ಸರಿ, ಚರಿತ್ರೆಗೆ ಸರಿಯಲ್ಲ. ಏಕೆಂದರೆ ಈ ಜಾತಿಯ ಸೈಕಲ್ಲು ಹುಟ್ಟಿದ್ದೇ ಗುಜರಿಯಲ್ಲಿ.

ಇದು ಉತ್ಪ್ರೇಕ್ಷೆಯೆಂದು ವಾಚಕರು ಭಾವಿಸಬಾರದು. 1933ರಲ್ಲಿ ಅಮೆರಿಕದ ಷಿಕಾಗೋ ನಗರದ ಶ್ವಿನ್ ಕಂಪನಿಯವರು 26 ಅಂಗುಲದ ಚಕ್ರಕ್ಕೆ ದಪ್ಪನೆಯ ಬಲೂನ್ ಟೈರು ತೊಡಿಸಿದ ಸೈಕಲ್ಲನ್ನು ಮಾರುಕಟ್ಟೆಗೆ ತಂದರು. ಹುಡುಗರು ಎಷ್ಟು ಒರಟಾಗಿ ತುಳಿದರೂ ತಡೆಯುವ ಗಟ್ಟಿ ಗಾಡಿ ಅದು. ತೂಕವೂ ಅದಕ್ಕೆ ತಕ್ಕಂತೆಯೇ. ಮುಂದೆ ಹಗುರವಾದ, ಗೇರುಳ್ಳ ಸೈಕಲ್ಲುಗಳು ಬಂದ ಮೇಲೆ ಇಂಥವು ಷೆಡ್ಡಿನ ಮೂಲೆ ಸೇರಿದವು.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಮಲ್‌ಪೈಸ್ ಬೆಟ್ಟದ ಸುತ್ತಿನ ತರುಣರು ಈ ಮುದಿ ಸೈಕಲ್ಲುಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡು ಮೊದಲಾದ ಆಡಂಬರವನ್ನೆಲ್ಲ ಕಿತ್ತೆಸೆದು, ಮಣ್ಣುದಾರಿಯ ಇಳಿಜಾರಿಗೆ ಬಿಟ್ಟರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಪಂದ್ಯವೇ ಏರ್ಪಟ್ಟಿತು: ಸುಮಾರು ಎರಡು ಮೈಲಿಯ ಹಾದಿ, 1,300 ಅಡಿಯಷ್ಟು ಇಳಿತ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಳೆಯ ಬ್ರೇಕು ಕೆಳಗೆ ತಲುಪುವಷ್ಟರಲ್ಲಿ ಕೆಂಡದಂತೆ ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿಬಿಡುತ್ತಿತ್ತು. ಬಿಚ್ಚಿ ಮತ್ತೆ ಗ್ರೀಸು ತುಂಬಬೇಕು. ಹಾಗೆ ಮತ್ತೆ ತುಂಬುವ ಕೆಲಸದಿಂದಲೇ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂತು. ಗೆದ್ದವನ ಹೆಸರಲ್ಲ, ಊರಿನ ಹೆಸರೂ ಅಲ್ಲ, ರಿಪೇರಿಯ ಹೆಸರು!

ಇಳಿದದ್ದನ್ನು ಹತ್ತಬೇಕಲ್ಲ? ಗ್ಯಾರಿ ಫಿಷರ್ ಮೊದಲಾದವರು ಹಳೆಯ ಫ್ರೇಮಿಗೆ ಗೇರು ಜೋಡಿಸಿದರು. ಫ್ರೇಮುಗಳೇ ಮುರಿಯತೊಡಗಿದಾಗ, 1977ರಲ್ಲಿ ಜೋ ಬ್ರೀಜ್ ಅದೇ ಅಳತೆಯ ಚಕ್ರಕ್ಕೆ ಹೊಸ ಫ್ರೇಮು ಬೆಸೆದರು. 1979ರಲ್ಲಿ ಫಿಷರ್ ಮತ್ತು ಚಾರ್ಲಿ ಕೆಲಿ, ಟಾಮ್ ರಿಚಿ ಮಾಡಿದ ಫ್ರೇಮುಗಳನ್ನಿಟ್ಟುಕೊಂಡು ‘ಮೌಂಟನ್ ಬೈಕ್ಸ್’ ಎಂಬ ಕಂಪನಿ ತೆರೆದರು. 1996ರಲ್ಲಿ ಅಟ್ಲಾಂಟಾದ ಒಲಿಂಪಿಕ್ಸಿಗೂ ಈ ಓಟ ಸೇರಿತು. ನಾನು ತಂದ ಸೈಕಲ್ಲಿನ ಚಕ್ರವೂ 26 ಅಂಗುಲದ್ದೇ. ಅಂದರೆ 1933ರ ಮುತ್ತಜ್ಜನ ಅಳತೆ!

ವಂಶಾವಳಿ ತಿಳಿದ ಮೇಲೆ ಕೈಬಿಡುವುದು ಹೇಗೆ? ಪಕ್ಕದ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗಿಸಿದ ಸೀಮೆ ನಮ್ಮದು. ಅದಿರು ಕಬ್ಬಿಣವಾಗಲು ಎಷ್ಟು ಬೆಂಕಿ, ಎಷ್ಟು ಬೆವರು ಬೇಕೆಂದು ಬಲ್ಲವರು ಅದನ್ನು ಬರಿಯ ತೂಕದಿಂದ ಅಳೆಯಬಾರದು.

ಭಾಗ ಭಾಗವಾಗಿ ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದೆ. ಚೈನಿನ ಒಂದೊಂದು ಕೊಂಡಿ ಅರ್ಧ ಅಂಗುಲ. ಇಪ್ಪತ್ತನಾಲ್ಕು ಕೊಂಡಿ ಸರಿಯಾಗಿ 12 ಅಂಗುಲ ಬರಬೇಕು. ನನ್ನದು ಸವೆದು ಅದಕ್ಕಿಂತ ಎರಡು ನೂಲು ಉದ್ದವಾಗಿತ್ತು, ಹೊಸದು ಹಾಕಿದೆ. ಹಿಂದಿನ ಚಕ್ರದ ಅಚ್ಚಿಗೆ ಒಂದೊಂದು ಬದಿಗೆ ಒಂಬತ್ತು ಉಕ್ಕಿನ ಗುಂಡುಗಳಿರಬೇಕು; ಒಂದು ಬದಿಯಲ್ಲಿ ಏಳೇ ಉಳಿದಿದ್ದವು. ಡಾಂಬರು ರಸ್ತೆಯಲ್ಲಿ ಗುರುಗುಟ್ಟುವ ಮುಳ್ಳು ಟೈರಿಗೆ ಬದಲು ನಯವಾದ ಟೈರು ತೊಡಿಸಿದೆ. ಎಲ್ಲವೂ ಸರಿಯಾಯಿತೆಂದು ಹತ್ತಿದರೆ ಗಾಡಿ ಮುಂದೆಯೇ ಹೋಗದು! ನಾಚಿಕೊಂಡು ಅದೇ ಅಂಗಡಿಗೆ ತಳ್ಳಿಕೊಂಡು ಹೋದೆ. ಆತ ಅಚ್ಚಿನ ಕೋನನ್ನು ಕಾಲು ಸುತ್ತು ಸಡಿಲಿಸಿ, “ಬಿಗಿ ಜಾಸ್ತಿ ಆದ್ರೆ ಗುಂಡು ಅಳುತ್ತೆ ಸಾರ್” ಎಂದ. ಆಮೇಲೆ ತಾನೇ ಕುಳಿತು ಕಡ್ಡಿಗಳನ್ನು ಬಿಗಿದು ರಿಮ್ಮಿನ ಡೊಂಕು ತೆಗೆದ. ತೂಕದ ದುಡ್ಡಿನ ಮಾತನ್ನು ಮತ್ತೆ ಎತ್ತಲಿಲ್ಲ.

ಮೊದಲ ಭಾನುವಾರವೇ ಸೋಗಾನೆಯತ್ತ ಸವಾರಿ ಹೊರಟಿತು. ಗೇರು ಬದಲಾಯಿಸಿದಾಗ ಚೈನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಸರಿಯಿತು. ಏರಿನಲ್ಲಿಯೂ ಉಸಿರು ಕಟ್ಟಲಿಲ್ಲ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಕುವೆಂಪು ವಿಮಾನ ನಿಲ್ದಾಣ ಅಲ್ಲಿದೆ. ಬೇಲಿಯ ಹೊರಗೆ ಸೈಕಲ್ಲು ನಿಲ್ಲಿಸಿದಾಗ ನನಗೆ ಸಂಕೋಚವೇನೂ ಆಗಲಿಲ್ಲ. 1903ರಲ್ಲಿ ಮೊದಲ ವಿಮಾನವನ್ನು ಹಾರಿಸಿದ ರೈಟ್ ಸಹೋದರರು 1892ರಿಂದ ಡೇಟನ್ ನಗರದಲ್ಲಿ ಸೈಕಲ್ಲು ರಿಪೇರಿ ಅಂಗಡಿ ಇಟ್ಟಿದ್ದವರೇ. ಆ ವಿಮಾನದ ರೆಕ್ಕೆಗಾಳಿಗಳನ್ನು ತಿರುಗಿಸಿದ್ದೂ ಸೈಕಲ್ಲಿನ ಮಾದರಿಯ ಚೈನೇ. ಹಾಗಾಗಿ ಬೇಲಿಯ ಒಳಗಿನದೂ ಹೊರಗಿನದೂ ನೆಂಟರೇ ಸರಿ.