ಸಾಗರದ ತಳದಲ್ಲೂ ಕೇಳುತ್ತದೆ ಹಡಗಿನ ಸದ್ದು!

ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಸಮೀಪ, ಮರಿಯಾನಾ ಕಂದಕದಲ್ಲಿರುವ ‘ಚಾಲೆಂಜರ್ ಡೀಪ್’ ವಿಶ್ವದ ಅತ್ಯಂತ ಆಳದ ಸಾಗರತಳ. ಸುಮಾರು 11 ಕಿ.ಮೀ. ಆಳವಿರುವ ಇಲ್ಲಿ ಎವರೆಸ್ಟ್ ಶಿಖರವನ್ನಿಟ್ಟರೂ ತುದಿ ನೀರಿನಿಂದ ಹೊರಬರುವುದಿಲ್ಲ. ಸೂರ್ಯನ ಬೆಳಕು ತಲುಪದ ಈ ಕತ್ತಲಲ್ಲಿ ಕ್ಯಾಮೆರಾಗೆ ತನ್ನ ದೀಪ ಹಾಯುವಷ್ಟೇ ದೂರ ಕಾಣುತ್ತದೆ. ಆದರೆ ಶಬ್ದ ಹಾಗಲ್ಲ. ನೀರಿನಲ್ಲಿ ಅದು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಬಹುದೂರ ಸಾಗುತ್ತದೆ. ಹೀಗಾಗಿ ಆಳಸಮುದ್ರದ ಅಧ್ಯಯನಕ್ಕೆ ಕಣ್ಣಿಗಿಂತ ಕಿವಿಯೇ ಮೇಲು.

2015ರ ಜುಲೈನಲ್ಲಿ ಅಮೆರಿಕದ ನೋವಾ ಸಂಸ್ಥೆ, ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯ ಮತ್ತು ಕೋಸ್ಟ್ ಗಾರ್ಡ್ ಸೇರಿ ಟೈಟಾನಿಯಂ ಕವಚದ ಹೈಡ್ರೋಫೋನನ್ನು, ಅಂದರೆ ನೀರೊಳಗಿನ ಮೈಕನ್ನು, ಅಲ್ಲಿಗೆ ಇಳಿಸಿದವು. ಕೆಳಗೆ ವಾತಾವರಣದ ಸಾವಿರ ಪಟ್ಟಿಗೂ ಮೀರಿದ ಒತ್ತಡ! ಅದು ದಿಢೀರ್ ಏರಿದರೆ ಮೈಕ್ ಒಡೆದೀತೆಂದು ನಿಧಾನವಾಗಿ ಇಳಿಸಬೇಕಾಯಿತು. ತಳ ಮುಟ್ಟಲು ಆರು ಗಂಟೆಗೂ ಹೆಚ್ಚು ಹಿಡಿಯಿತು. 23 ದಿನಗಳಲ್ಲೇ ಮೆಮೊರಿ ಭರ್ತಿಯಾಯಿತು. ಆದರೆ ಚಂಡಮಾರುತಗಳ ಕಾಟ ಮತ್ತು ಹಡಗಿನ ವೇಳಾಪಟ್ಟಿಯಿಂದಾಗಿ ಅದನ್ನು ಮೇಲೆತ್ತಿದ್ದು ನವೆಂಬರ್‌ನಲ್ಲಿ.

ಅಷ್ಟು ಆಳದಲ್ಲಿ ಮೌನವಿದ್ದೀತು ಎಂಬ ಊಹೆ ಸುಳ್ಳಾಯಿತು. ಭೂಕಂಪಗಳ ಗುಡುಗು, ತಿಮಿಂಗಿಲಗಳ ಕೂಗು, ಮೇಲೆ ಹಾದುಹೋದ ಚಂಡಮಾರುತದ ಮೊರೆತ ಎಲ್ಲವೂ ದಾಖಲಾಗಿದ್ದವು. ಸಮೀಪದಲ್ಲೇ ಸಂಭವಿಸಿದ 5 ತೀವ್ರತೆಯ ಭೂಕಂಪವೊಂದರ ಕೇಂದ್ರ ಸುಮಾರು 10 ಕಿ.ಮೀ. ಆಳದಲ್ಲಿತ್ತು. ಅಂದರೆ ಮೈಕ್ ಇದ್ದದ್ದು ಭೂಕಂಪಕ್ಕಿಂತಲೂ ಕೆಳಗೆ!

ವಿಜ್ಞಾನಿಗಳು ಮುಖ್ಯವಾಗಿ ಹುಡುಕುತ್ತಿದ್ದುದು ಮಾನವನ ಗದ್ದಲವನ್ನು. ಹಡಗುಗಳ ಪ್ರೊಪೆಲ್ಲರ್ ಸದ್ದು ಅಲ್ಲಿಗೂ ಸ್ಪಷ್ಟವಾಗಿ ತಲುಪಿತ್ತು. ತಿಮಿಂಗಿಲಗಳು ಪರಸ್ಪರ ಸಂಪರ್ಕಕ್ಕೆ ಶಬ್ದವನ್ನೇ ನಂಬಿವೆ. ಗದ್ದಲ ಹೆಚ್ಚಿದಷ್ಟೂ ಅವುಗಳ ಕೂಗು ಮುಳುಗಿಹೋಗುತ್ತದೆ. ಮುಂದೆ ಸಾಗರದ ಸದ್ದು ಏರಿದೆಯೇ, ಇಳಿದಿದೆಯೇ ಎಂದು ಹೋಲಿಸಿ ನೋಡಲು ಈ 23 ದಿನಗಳ ಧ್ವನಿಮುದ್ರಣವೇ ಅಳತೆಗೋಲು.