ದೋಣಿ ಹೊತ್ತ ಹೊರೆ

ಕೇಳುಗರೇ, ಬೆಟ್ಟದ ಮೇಲಿನ ವೆಲ್ಲಿಂಗ್ಟನ್ನಿಗೆ ದೋಣಿಯ ಮಾತೇಕೆ ಎನ್ನುತ್ತೀರಾ? ನಿಜ, ಇಲ್ಲಿಯ ನೀರಿಗೆ ಕೆಳಗಿಳಿಯುವ ಆತುರವೇ ಹೆಚ್ಚು. 1899ರಲ್ಲಿ ಮೇಟ್ಟುಪಾಳ್ಯದಿಂದ ಕೂನೂರಿಗೆ ಹಲ್ಲುಹಳಿಯ ರೈಲು ಬರುವವರೆಗೆ ಸಾಮಾನೆಲ್ಲ ಎತ್ತು, ಗಾಡಿ, ಆಳುಗಳ ಬೆನ್ನಿನ ಮೇಲೆಯೇ ಘಟ್ಟ ಹತ್ತಬೇಕಿತ್ತು. ಜೋಡೆತ್ತಿಗೆ ಒಂದು ಟನ್ನೇ ಭಾರ.

ಆದರೆ ಗೂಡಲೂರಿನ ಕಡೆ ಬಿದ್ದ ಮಳೆ ಪಶ್ಚಿಮಕ್ಕೆ ಹರಿದು ಚಾಲಿಯಾರ್ ಹೊಳೆ ಸೇರುತ್ತದೆ. ಆ ಹೊಳೆ ನಿಲಂಬೂರಿನ ತೇಗದ ದಿಮ್ಮಿಗಳನ್ನು ಕಡಲ ಕಡೆಗೆ ತೇಲಿಸಿ ಒಯ್ಯುತ್ತಿತ್ತು. ನಿಲಂಬೂರಿನಲ್ಲಿ ತೇಗದ ತೋಟ ಹಾಕಿಸಿದ ಮಲಬಾರ್ ಕಲೆಕ್ಟರ್ ಕಾನೋಲಿಯೇ 1848ರಲ್ಲಿ ಕೋಳಿಕೋಡಿನ ಹೊಳೆಗಳನ್ನು ಜೋಡಿಸುವ ಕಾಲುವೆಯ ಕೆಲಸಕ್ಕೂ ಕೈಹಾಕಿದ.

ಮಲಯಾಳ ನಾಡಿನ ಕೆಟ್ಟುವಳ್ಳ 30 ಟನ್ನಿನವರೆಗೆ ಹೊರುತ್ತಿತ್ತು. ಅದಕ್ಕೆ ಮೊಳೆಯಿಲ್ಲ, ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಇಂಗ್ಲೆಂಡಿನ ಕಾಲುವೆದೋಣಿಯದೂ 25-30 ಟನ್; ಎಳೆಯುತ್ತಿದ್ದುದು ದಡದ ಮೇಲಿನ ಒಂದೇ ಕುದುರೆ! ಇನ್ನೂ ದೊಡ್ಡ ದೋಣಿ ಕಟ್ಟಬಾರದಿತ್ತೇ? ಕಟ್ಟಬಹುದಿತ್ತು, ಆದರೆ ದಾಟಿಸುವುದು ಹೇಗೆ? ದೋಣಿಯನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುವ ಲಾಕ್ ಎಂಬ ನೀರಿನ ತೊಟ್ಟಿ ಅಲ್ಲಿ ಬರಿಯ 7 ಅಡಿ ಅಗಲ. ಕಲ್ಲಿನಲ್ಲಿ ಕಟ್ಟಿದ್ದು ಆಮೇಲೆ ಹಿಗ್ಗುವುದಿಲ್ಲ. ಫ್ರಾನ್ಸ್ ಹಾಗಾಗಗೊಡಲಿಲ್ಲ. 1879ರಲ್ಲಿ ಕಾನೂನು ಮಾಡಿ ತನ್ನ ಲಾಕುಗಳನ್ನು 39 ಮೀಟರ್ ಉದ್ದ, 5.2 ಮೀಟರ್ ಅಗಲಕ್ಕೆ ನಿಗದಿಪಡಿಸಿತು. ಅಲ್ಲಿಯ ದೋಣಿಗೆ ಸುಮಾರು 300 ಟನ್ ಸಲೀಸು.

ಇಂಗ್ಲೆಂಡಿನ ದೋಣಿಯ ಹೊರೆಯನ್ನು ರೈಲು ಮತ್ತು ಲಾರಿ ಕಿತ್ತುಕೊಂಡವು, ಕೆಟ್ಟುವಳ್ಳದ್ದನ್ನು ಲಾರಿ. ಈಗ ಎರಡರಲ್ಲೂ ಮಲಗುವವರು ಪ್ರವಾಸಿಗರು. ಫ್ರಾನ್ಸಿನ ದೋಣಿ ಮಾತ್ರ ಇಂದಿಗೂ ಗೋಧಿ ಸಾಗಿಸುತ್ತಿದೆ.